ಮಾವನ ಬೂಷ್ಟು

ಫೆಬ್ರವರಿ 4

ನಮ್ಮವರು ನಿನ್ನೆ ಹಡಗು ಹತ್ತಿದರು. ಹಡಗಿನ ಎಂಜಿನ್ ನೋಡಿಕೊಳ್ಳುವ ಕೆಲಸ. ಇನ್ನು ಜುಲೈವರೆಗೆ ಅವರ ಮುಖ ಫೋನಿನಲ್ಲೇ. ಮನೆಯಲ್ಲಿ ನಾನು ಮತ್ತು ಮಾವನವರು ಇಬ್ಬರೇ. ಇವರು ಹೋದಾಗಲೆಲ್ಲ ನಾನು ಡೈರಿ ತೆಗೆಯುತ್ತೇನೆ. ಗೊಣಗುವುದಕ್ಕೆ ಒಂದು ಜಾಗ ಬೇಕಲ್ಲ.

ಇವತ್ತಿನ ಗೊಣಗಾಟ ಚಮಚದ ಬಗ್ಗೆ. ಮಾವನವರಿಗೆ ಡಾಕ್ಟರು ಸಕ್ಕರೆ ಬಿಡಿಸಿ ಎಷ್ಟೋ ವರ್ಷವಾಯಿತು. ಆದರೂ ಚಹಾ ಕಲಕುವುದನ್ನು ಬಿಟ್ಟಿಲ್ಲ. ಲೋಟದ ಅಂಚಿಗೆ ಟಣ್ ಟಣ್ ಎಂದು ಚಮಚ ಬಡಿಯುತ್ತ ಕೂರುತ್ತಾರೆ. ಆಮೇಲೆ ದಿನವೂ ಕೇಳುವ ಅದೇ ಪ್ರಶ್ನೆ: "ಏನಮ್ಮಾ, ಹೇಗಿದ್ದಾಳೆ ನಮ್ಮ ಗಟ್ಟಿಗಿತ್ತಿ?" ಹೋದ ತಿಂಗಳು ನನಗೆ ಜ್ವರ ಬಂದಾಗಲೂ ಅವರು ಮೊದಲು ವಿಚಾರಿಸಿದ್ದು ಅವಳನ್ನೇ.

ಗಟ್ಟಿಗಿತ್ತಿ ಒಂದು ಹತ್ತಿಯ ತಳಿ. ಸೊರಗು ರೋಗಕ್ಕೆ ಹೊಲಕ್ಕೆ ಹೊಲವೇ ಒಣಗುತ್ತಿದ್ದ ಕಾಲದಲ್ಲಿ, ಆ ರೋಗಕ್ಕೆ ಜಗ್ಗದ ಈ ಗಿಡವನ್ನು ಮಾವನವರು ಆರಿಸಿ ಬೆಳೆಸಿದರು. ತಳಿಗೊಂದು ಉದ್ದನೆಯ ನಂಬರ್ ಇದೆ, ಯಾರಿಗೂ ನೆನಪಿಲ್ಲ. ಅವರು ಕೂರುತ್ತಿದ್ದ ಕುರ್ಚಿಯಲ್ಲೇ ಈಗ ನಾನು ಕೂರುತ್ತೇನೆ. ಸಂಶೋಧನಾ ಕೇಂದ್ರದಲ್ಲಿ ಹೊಸಬರಿಗೆ ನನ್ನನ್ನು ಪರಿಚಯ ಮಾಡಿಸುವಾಗ "ಅವರ ಸೊಸೆ" ಎನ್ನುತ್ತಾರೆ. ಓದಿದ್ದು, ದುಡಿದದ್ದು ಎಲ್ಲ ನಾನು, ಆದರೂ ನಾನು ಸೊಸೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಈ ವರ್ಷ ಅದಕ್ಕೊಂದು ಮುಕ್ತಾಯ. ಗಟ್ಟಿಗಿತ್ತಿಯ ರೋಗ ತಡೆಯುವ ಜೀನನ್ನು ಉದ್ದ ಎಳೆಯ ಹತ್ತಿಗೆ ಸೇರಿಸಿ ನಾನು ಒಂದು ತಳಿ ಮಾಡಿದ್ದೇನೆ. ನಾವು ಅದನ್ನು 'ಮಗಳು' ಎನ್ನುತ್ತೇವೆ. ಗಾಜಿನ ಮನೆಯಲ್ಲಿ ಒಂದು ಕೊನೆಯ ರೋಗಪರೀಕ್ಷೆ ಬಾಕಿ. ಅದರಲ್ಲಿ ನಿಂತರೆ ಜೂನ್ ಸಭೆಯಲ್ಲಿ ಬಿಡುಗಡೆ, ನನ್ನ ಹೆಸರಿನಲ್ಲಿ.

ಫೆಬ್ರವರಿ 11

ಲ್ಯಾಬಿನ ಫ್ರಿಜ್ ಕೈಕೊಟ್ಟಿದೆ. ರಜೆಯಲ್ಲಿ ಯಾವಾಗ ಕೆಟ್ಟಿತೋ, ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆಲ್ಲ ಬೆಚ್ಚಗೆ, ನಾತ. ಸೊರಗು ರೋಗ ತರುವ ಬೂಷ್ಟನ್ನು ಸಾಕಿದ್ದ ಟ್ಯೂಬುಗಳಲ್ಲೆಲ್ಲ ಬೇರೆ ಯಾವುದೋ ಹಸಿರು ಬೂಷ್ಟು ಹತ್ತಿಕೊಂಡಿತ್ತು. ಅಷ್ಟನ್ನೂ ಎಸೆಯಬೇಕಾಯಿತು.

ರೋಗಪರೀಕ್ಷೆ ಎಂದರೆ ಗಿಡಕ್ಕೆ ಬೇಕೆಂದೇ ರೋಗ ಹಚ್ಚುವುದು. ಬೂಷ್ಟನ್ನು ಬೆಳೆಸಿ, ಮಣ್ಣಿಗೆ ಬೆರೆಸಿ, ಅದರಲ್ಲಿ ಬೀಜ ಊರಿ, ಯಾರು ಸಾಯುತ್ತಾರೆ ಯಾರು ನಿಲ್ಲುತ್ತಾರೆ ಎಂದು ಕಾಯುವುದು. ಇಷ್ಟು ವರ್ಷವೂ ನಾವು ಬಳಸಿದ್ದು ಮಾವನವರು ಗಟ್ಟಿಗಿತ್ತಿಯ ಕಾಲದಲ್ಲಿ ಒಂದು ಸತ್ತ ಗಿಡದಿಂದ ಹಿಡಿದಿಟ್ಟ ಬೂಷ್ಟನ್ನೇ. ಟ್ಯೂಬಿನಿಂದ ಟ್ಯೂಬಿಗೆ ದಾಟಿಸಿ ದಾಟಿಸಿ ಇವತ್ತಿನವರೆಗೆ ಸಾಕಿಕೊಂಡು ಬಂದಿದ್ದೇವೆ. ಲ್ಯಾಬಿನಲ್ಲಿ ಅದರ ಹೆಸರೇ 'ಮಾವನ ಬೂಷ್ಟು', ನನ್ನ ಕಾಲೆಳೆಯುವುದಕ್ಕೆ.

ಊಟಕ್ಕೆ ಕೂತಾಗ ಬಾಯಿ ತಪ್ಪಿ ಹೇಳಿಬಿಟ್ಟೆ. ಮಾವನವರ ಮುಖ ಅರಳಿತು.

"ಅದಕ್ಯಾಕಮ್ಮಾ ಚಿಂತೆ? ನಮ್ಮ ಫ್ರಿಜ್ಜಲ್ಲೇ ಒಂದು ಟ್ಯೂಬ್ ಇದೆಯಲ್ಲ. ಬೆಣ್ಣೆ ಡಬ್ಬಿ ಹಿಂದೆ."

ಎದ್ದು ಹೋಗಿ ನೋಡಿದೆ. ಇತ್ತು! ಪ್ಲಾಸ್ಟಿಕ್ ಡಬ್ಬಿಯೊಳಗೆ, ಅವರ ದುಂಡು ಅಕ್ಷರದ ಚೀಟಿ ಅಂಟಿಸಿಕೊಂಡು. ಆ ಡಬ್ಬಿಯಲ್ಲಿ ಅವರ ಮಾತ್ರೆ ಇರಬೇಕು ಎಂದುಕೊಂಡು ನಾನೇ ಎಷ್ಟು ಸಲ ಸರಿಸಿಟ್ಟಿದ್ದೇನೋ.

"ಮನುಷ್ಯರಿಗೆ ಏನೂ ಮಾಡಲ್ಲ ಅದು. ನಿಮ್ಮತ್ತೆ ಮಾತ್ರ ಕೊನೇವರೆಗೂ ಬೈದ್ಲು. ಆರು ತಿಂಗಳಿಗೊಮ್ಮೆ ಹೊಸ ಟ್ಯೂಬಿಗೆ ಹಾಕ್ತಾನೇ ಇದ್ದೀನಿ. ತಗೊಂಡ್ಹೋಗು."

"ಬೇಡ ಮಾವ. ಹೊಸದನ್ನೇ ಹಿಡೀತೀನಿ," ಎಂದೆ.

ಕಾರಣ ಇಲ್ಲಿ ಬರೆಯಬಹುದು. ಅವರ ಜೀನು, ಅವರ ಕುರ್ಚಿ, ಈಗ ಅವರ ಫ್ರಿಜ್ಜಿನ ಬೂಷ್ಟೂ ಆದರೆ ನನ್ನದು ಅಂತ ಉಳಿಯುವುದೇನು? ಹಂಗು ಬೇಡ.

ಫೆಬ್ರವರಿ 23

ಬೆಳೆಗಾರರೊಬ್ಬರ ಹೊಲದಿಂದ ಸೊರಗಿದ ಗಿಡವೊಂದನ್ನು ಬೇರುಸಮೇತ ಕಿತ್ತು ತಂದಿದ್ದೆ. ಅದರ ಕಾಂಡದ ಚೂರನ್ನು ತೊಳೆದು ಗಾಜಿನ ತಟ್ಟೆಯ ಮೇಲಿಟ್ಟಿದ್ದೆ. ಇವತ್ತು ತಟ್ಟೆಯ ತುಂಬ ಬೂಷ್ಟು, ಬಿಳಿ, ನಡುವೆ ತೆಳು ಗುಲಾಬಿ. ಎಷ್ಟು ಬೇಗ ಬೆಳೆದಿದೆ! ಹಳೆಯದು ಇಷ್ಟು ಹರಡಲು ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಇದು ನನ್ನದೇ ಎಂದು ಒಳಗೊಳಗೇ ಬೀಗಿದೆ.

ಮಾರ್ಚ್ 3

ಬಿತ್ತನೆ ಆಯಿತು. ಕುಂಡಗಳು ಮೂರು ಸಾಲು. ಮೊದಲ ಸಾಲಿನಲ್ಲಿ ಅಳುಬುರುಕಿ. ಗಾಳಿ ಬೀಸಿದರೂ ರೋಗ ಹತ್ತಿಸಿಕೊಳ್ಳುವ ತಳಿ. ಅವಳು ಸಾಯಲೇಬೇಕು, ಸಾಯದಿದ್ದರೆ ಮಣ್ಣಿನಲ್ಲಿ ರೋಗವೇ ಇಲ್ಲ ಎಂದರ್ಥ. ಎರಡನೆಯದು ಗಟ್ಟಿಗಿತ್ತಿ. ಮೂರನೆಯದು ಮಗಳು. ಮೂಲೆಯಲ್ಲೊಂದು ಟ್ರೇಗೆ ಅದೇ ರೋಗದ ಮಣ್ಣು ತುಂಬಿ, ಮಗಳನ್ನು ಕಾಡುಹತ್ತಿಯ ಜೊತೆ ಕೂಡಿಸಿದ ಬೆರಕೆ ಬೀಜವನ್ನೂ ಹಾಕಿದೆ. ಹಾಳಾಗುವ ಬದಲು ಇರಲಿ ಎಂದು, ಅಷ್ಟೇ.

ಮಾವನವರು ಇವುಗಳ ಹತ್ತಿರ ಮಾತಾಡುತ್ತಿದ್ದರಂತೆ, ಕೆಲಸದಲ್ಲಿದ್ದಾಗ. "ನಿಲ್ಲು ಪುಟ್ಟಾ, ನಿಲ್ಲು" ಎಂದು. ಹಳಬರು ಈಗಲೂ ಹೇಳಿಕೊಂಡು ನಗುತ್ತಾರೆ. ನನಗಂತೂ ನಾಚಿಕೆಯಾಗುತ್ತದೆ.

ಮಾರ್ಚ್ 22

ಅಳುಬುರುಕಿ ಮಲಗಿದಳು. ಸಾಲಿಗೆ ಸಾಲೇ. ಬೂಷ್ಟು ಜೋರಾಗಿದೆ. ಸಂತೋಷ.

ಮಾರ್ಚ್ 28

ಗಟ್ಟಿಗಿತ್ತಿಯ ಕೆಳಗಿನ ಎಲೆಗಳ ಅಂಚು ಹಳದಿ. ನೀರಿನ ಏರುಪೇರು ಇರಬಹುದು ಎಂದುಕೊಂಡೆ. ಒಂದು ಗಿಡ ಕಿತ್ತು ಕಾಂಡ ಸೀಳಿದೆ. ಸೊರಗು ಬಂದ ಗಿಡದ ಕಾಂಡವನ್ನು ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದೆ, ನೀರು ಏರುವ ನಾಳವನ್ನೇ ಬೂಷ್ಟು ಕಟ್ಟಿಹಾಕಿರುತ್ತದೆ. ಗೆರೆ ಇತ್ತು.

ಇದು ನನ್ನ ಡೈರಿ, ಸುಳ್ಳು ಬರೆಯುವುದೇಕೆ. ಮೊದಲು ನನಗೆ ಒಂಥರಾ ಖುಷಿಯಾಯಿತು. ಮಹಾ ಗಟ್ಟಿಗಿತ್ತಿ! ಸಂಜೆ ಮಾವನವರು ಚಹಾ ಕಲಕುತ್ತ "ಹೇಗಿದ್ದಾಳೆ?" ಎಂದಾಗ "ಚೆನ್ನಾಗಿದ್ದಾಳೆ" ಎಂದೆ.

ಮಾರ್ಚ್ 30

ಮಗಳೂ.

ಏಪ್ರಿಲ್ 2

ಜೀನ್ ಪರೀಕ್ಷೆ ಮಾಡುವ ಸಹೋದ್ಯೋಗಿಯನ್ನು ನಾವು 'ಪಟ್ಟೆ ಪಂಡಿತ' ಎನ್ನುತ್ತೇವೆ. ಜೆಲ್ ಮೇಲೆ ಮೂಡುವ ಪಟ್ಟೆ ನೋಡಿ ಯಾವ ಗಿಡದಲ್ಲಿ ಯಾವ ಜೀನಿದೆ ಎಂದು ಹೇಳುವವನು. ಬೀಜ ಬೆರಕೆಯಾಗಿರಲಿ ದೇವರೇ, ಈ ಸತ್ತ ಗಿಡಗಳಲ್ಲಿ ಜೀನ್ ಇಲ್ಲದಿರಲಿ ಎಂದು ಅವನ ಬೆನ್ನ ಹಿಂದೆ ನಿಂತುಕೊಂಡೆ.

"ಎಲ್ಲದರಲ್ಲೂ ಇದೆ ಮೇಡಂ. ಪಟ್ಟೆ ಎಷ್ಟು ದಪ್ಪ ಬಂದಿದೆ ನೋಡಿ!"

"ಗಿಡ ಸತ್ತಿದೆಯಲ್ಲೋ."

"ಅದು ನನ್ನ ಇಲಾಖೆ ಅಲ್ಲ," ಎಂದ.

ಸತ್ತ ಕಾಂಡದಿಂದ ಮತ್ತೆ ಬೂಷ್ಟು ತೆಗೆದು ನೋಡಿದ್ದೂ ಆಯಿತು. ಅದೇ ಬಿಳಿ, ಅದೇ ಗುಲಾಬಿ. ಅಂದರೆ ಜೀನ್ ಇದೆ, ಹೊಸ ಬೂಷ್ಟಿಗೆ ಅದು ಲೆಕ್ಕಕ್ಕಿಲ್ಲ. ಹೊಲದಲ್ಲಿರುವುದು ಹೊಸ ಬೂಷ್ಟು. ನಾನು ಇಷ್ಟು ವರ್ಷ ಮಗಳನ್ನು ಆರಿಸಿದ್ದು ಹಳೆಯದರ ಎದುರು. ನಾಳೆ ಬೀಜ ಕೊಂಡವರ ಹೊಲದಲ್ಲಿ ಆಗುವುದು ಇದೇ.

ಊಟ ಸೇರಲಿಲ್ಲ.

ಏಪ್ರಿಲ್ 4

ನಿರ್ದೇಶಕರಿಗೆ ಎಲ್ಲ ತೋರಿಸಿದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನೋಡಿ ಮೇಡಂ, ಪರೀಕ್ಷೆ ಮಾಡಬೇಕು ಅಂತ ನಿಯಮ ಇದೆ. ಯಾವ ಬೂಷ್ಟಲ್ಲಿ ಅಂತ ಇದೆಯಾ?"

"ಇಲ್ಲ ಸರ್."

"ಇಷ್ಟು ವರ್ಷ ಎಲ್ಲರೂ ಹಳೇದರಲ್ಲೇ ಪಾಸಾದರು. ನಿಮಗೆ ಮಾತ್ರ ಯಾಕೆ ಕಷ್ಟದ ಪ್ರಶ್ನೆಪತ್ರಿಕೆ? ನಿಮ್ಮ ಮಾವನವರ ಹತ್ತಿರ ಒಂದು ಟ್ಯೂಬ್ ಇರಲೇಬೇಕು, ನನಗೆ ಅವರು ಗೊತ್ತು. ತಂದು ಇನ್ನೊಮ್ಮೆ ಮಾಡಿ. ಹೊಸ ಬೂಷ್ಟಿನ ವಿಷಯ ಮುಂದಿನ ವರ್ಷ ನಿಧಾನವಾಗಿ ನೋಡೋಣ."

ಮಾತು ಎಷ್ಟು ಸಲೀಸಾಗಿತ್ತೆಂದರೆ ಮನೆ ತಲುಪುವಷ್ಟರಲ್ಲಿ ಅದು ನನ್ನದೇ ಯೋಚನೆ ಅನ್ನಿಸಿತ್ತು.

ಏಪ್ರಿಲ್ 5

ಕೇಳಿದೆ. ಹಂಗು ಬೇಡ ಎಂದವಳು ಕೈಚಾಚಿ ಕೇಳಿದೆ. ಯಾಕೆ, ಏನು ಎಂದು ಅವರು ಕೇಳಲಿಲ್ಲ. ಹೊಸದು ಸರಿಯಾಗಿ ಬೆಳೆದಿರಲಿಕ್ಕಿಲ್ಲ ಎಂದು ತಾವೇ ತೀರ್ಮಾನಿಸಿಕೊಂಡು, ಟ್ಯೂಬನ್ನು ಹತ್ತಿಯಲ್ಲಿ ಸುತ್ತಿ, ಖಾಲಿ ಕನ್ನಡಕದ ಡಬ್ಬಿಯಲ್ಲಿಟ್ಟು ಕೊಟ್ಟರು.

"ಒಂದ್ಚೂರು ತಗೊಂಡು ಉಳಿದದ್ದು ವಾಪಸ್ ತಂದಿಡಮ್ಮಾ," ಎಂದರು. ಸಂಜೆಯೇ ತಂದಿಟ್ಟೆ.

ಏಪ್ರಿಲ್ 19

ಇವರ ಫೋನ್. ಅಪ್ಪ ಹೇಗಿದ್ದಾರೆ ಎಂದರು. ಚಮಚದ ಬಗ್ಗೆ ದೂರು ಹೇಳಿದೆ. "ಅಪ್ಪನ ಮೂಗು ನನಗೆ ಬಂತು, ಹಠ ನಿನಗೆ ಹೋಯ್ತು. ಎಲ್ಲೋ ಬೆರಕೆ ಆಗಿದೆ," ಎಂದು ನಕ್ಕರು. ಬೂಷ್ಟಿನ ವಿಷಯ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಅಷ್ಟು ದೂರದಿಂದ ಅವರೇನು ಮಾಡಿಯಾರು.

ಮೇ 5

ಹಳೆಯ ಬೂಷ್ಟಿನ ಕುಂಡಗಳಲ್ಲಿ ಅಳುಬುರುಕಿ ಸತ್ತಿದ್ದಾಳೆ. ಗಟ್ಟಿಗಿತ್ತಿ ನಿಂತಿದ್ದಾಳೆ, ಮಗಳು ನಿಂತಿದ್ದಾಳೆ. ಎಲೆ ಫಳಫಳ. ವರದಿ ಬರೆದು ಮುಗಿಸಿದೆ. ಅದರಲ್ಲಿ ಒಂದು ಸಾಲೂ ಸುಳ್ಳಿಲ್ಲ.

ಮಾವನವರು ನೋಡಬೇಕೆಂದರು, ಕರೆದುಕೊಂಡು ಹೋದೆ. ಕೋಲು ಊರಿಕೊಂಡು ಸಾಲಿನ ಉದ್ದಕ್ಕೂ ನಡೆದರು. ಒಂದೊಂದು ಗಿಡದ ಎಲೆಯನ್ನೂ ಕೆನ್ನೆ ತಟ್ಟುವಂತೆ ತಟ್ಟಿದರು. ಮಗಳ ಎದುರು ಬಂದಾಗ ನಿಂತರು.

"ಭೇಷ್! ಇದು ನಿನ್ನದಮ್ಮಾ. ಗಟ್ಟಿಗಿತ್ತಿಗೆ ಇಷ್ಟುದ್ದ ಎಳೆ ಇರಲಿಲ್ಲ. ನಾನು ಎಷ್ಟು ಒದ್ದಾಡಿದೆ, ನನ್ನ ಕೈಲಿ ಆಗಲಿಲ್ಲ."

ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆ. ಇವತ್ತು ಕೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಪಕ್ಕದ ಕೋಣೆಯ ಬಾಗಿಲು ತೆಗೆದು "ಮಾವ, ಇದನ್ನೂ ನೋಡಿ" ಎಂದೆ. ಮೊದಲ ಪರೀಕ್ಷೆಯ ಕುಂಡಗಳನ್ನು ನಾನು ಎಸೆದಿರಲಿಲ್ಲ.

ಅವರು ಒಣಗಿದ ಗಟ್ಟಿಗಿತ್ತಿಯೊಂದನ್ನು ಕಿತ್ತು, ಜೇಬಿನ ಚಾಕುವಿನಿಂದ ಸೀಳಿ, ಬೆಳಕಿಗೆ ಹಿಡಿದರು. ನಾನು ಎಲ್ಲ ಹೇಳಿದೆ.

"ಬೂಷ್ಟು ಜಾಸ್ತಿ ಸುರಿದಿದ್ದೀಯ. ಇಷ್ಟು ಸುರಿದ್ರೆ ಮರಾನೂ ಸಾಯುತ್ತೆ," ಎಂದರು.

ಮೇ 8

ಚಹಾ ಕಲಕುತ್ತಿಲ್ಲ. ಕೊಟ್ಟದ್ದನ್ನು ಹಾಗೇ ಕುಡಿದು ಲೋಟ ತೊಳೆದಿಟ್ಟು ಹೋಗುತ್ತಾರೆ. ಮನೆ ಎಷ್ಟು ಸದ್ದಿಲ್ಲದೆ ಇದೆಯೆಂದರೆ ಪೇಪರ್ ಓದಲೂ ಆಗಲಿಲ್ಲ. ನಾನೇ ಬೇಕೆಂದು ಪಾತ್ರೆ ಸದ್ದು ಮಾಡಿದೆ.

ಮೇ 9

ಬೆಳಿಗ್ಗೆ ನೋಡಿದರೆ ಮಾವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಗಟ್ಟಿಗಿತ್ತಿಯ ಬೀಜದ ಡಬ್ಬಿ.

"ಇದು ನನ್ನ ಬೀಜ. ಮಣ್ಣು ನಾನೇ ಕಲಸ್ತೀನಿ. ನಿನ್ನ ಬೂಷ್ಟು ಎಷ್ಟು ಹಾಕ್ಬೇಕು ಅಂತ ನಾನೇ ತೂಗ್ತೀನಿ. ನೀನು ಮುಟ್ಟಬೇಡ."

"ಸರಿ," ಎಂದೆ. ತೂಕದ ಯಂತ್ರ ಈಗ ಬೇರೆ ಥರದ್ದು, ಅವರಿಗೆ ಗೊತ್ತಿಲ್ಲ. ಗುಂಡಿ ಒತ್ತಿ ಕೊಡುವುದಕ್ಕೆ ಮಾತ್ರ ಕರೆದರು. ನಾನು ಹಾಕಿದ್ದಕ್ಕಿಂತ ಕಡಿಮೆ ಹಾಕಿದರು. ಒಂದೆರಡು ಕುಂಡಕ್ಕೆ ತೀರಾ ಚಿಟಿಕೆಯಷ್ಟು.

ಮೇ 26

ಮಾವನನ್ನು ದಿನಾ ಕರೆದುಕೊಂಡು ಹೋಗಿ ಬರುವುದೇ ಈಗ ಕೆಲಸ. ಗಾಜಿನ ಮನೆಯಲ್ಲಿ ಅವರಿಗೊಂದು ಸ್ಟೂಲ್, ಸೊಂಟಕ್ಕೊಂದು ದಿಂಬು ಒಯ್ದಿಟ್ಟಿದ್ದೇನೆ. ಅಲ್ಲಿ ಸೆಕೆ. ಮಧ್ಯಾಹ್ನ ಅವರು ದಿಂಬಿಗೊರಗಿ ನಿದ್ದೆ ಹೋದಾಗ ಕುಂಡಗಳ ಹತ್ತಿರ ಹೋದೆ. ಎಲೆ ಹಸಿರಾಗೇ ಇದ್ದವು. "ನಿಲ್ಲಿ ಪುಟ್ಟಾ, ನಿಮ್ಗೆ ಕೈ ಮುಗೀತೀನಿ, ನಿಲ್ಲಿ," ಎಂದೆ. ಅವು ನಿಂತರೆ ನನ್ನ ಮೊದಲ ಪರೀಕ್ಷೆ ತಪ್ಪು. ತಪ್ಪಾದರೆ ಆಗಲಿ.

ಜೂನ್ 6

ನಿಲ್ಲಲಿಲ್ಲ. ಚಿಟಿಕೆ ಹಾಕಿದ ಕುಂಡದವೂ.

ಮಾವ ಒಂದೊಂದನ್ನೂ ತಾವೇ ಕಿತ್ತು, ತಾವೇ ಸೀಳಿದರು. ಕೊನೆಯದನ್ನು ಸೀಳಿ ಚಾಕು ಮಡಚಿದರು.

"ನಮ್ಮ ಟ್ಯೂಬಲ್ಲಿ ಆ ಹಳೇ ಬೂಷ್ಟನ್ನ ಕೂರಿಸಿ ಉಣ್ಣಿಸಿದ್ವಿ, ಹೊತ್ತು ಹೊತ್ತಿಗೆ. ಕಚ್ಚೋದೇ ಮರೆತುಹೋಯ್ತು. ಹೊರಗೆ ಇದ್ದದ್ದು ದುಡಿದು ತಿನ್ನೋದು ಕಲೀತು," ಎಂದರು. "ಎರಡು ಮೂರು ವರ್ಷದಿಂದ ಬೆಳೆಗಾರರು ನಂಗೇ ಫೋನ್ ಮಾಡ್ತಿದ್ರು. ಗಟ್ಟಿಗಿತ್ತಿ ಬಾಡ್ತಿದ್ದಾಳೆ ಅಂತ. ನೀರು ಜಾಸ್ತಿ ಬಿಟ್ಟಿದ್ದೀರಿ ಅಂತ ನಾನೇ ಬೈದು ಇಟ್ಟೆ."

ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಅವರ ಕೈ ಹಿಡಿಯಬೇಕೆನ್ನಿಸಿತು. ಹಿಡಿದೆ. ಕೈತುಂಬ ಮಣ್ಣು, ಇಬ್ಬರದೂ.

ಜೂನ್ 11

ಸಭೆಯ ದಿನ. ಚೀಲದಲ್ಲಿ ಎರಡು ವರದಿ ಇಟ್ಟುಕೊಂಡಿದ್ದೆ, ಹಳೆಯ ಬೂಷ್ಟಿನದು ಮತ್ತು ಹೊಸದರದು. ಯಾವುದನ್ನು ಕೊಡುತ್ತೇನೆ ಎಂದು ಹಲ್ಲುಜ್ಜುವಾಗಲೂ ನನಗೆ ಗೊತ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ.

ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಲೇ ಇತ್ತು. ಒಲೆ ಮುಂದೆ ಮಾವ.

"ಏನು ಬೇಯಿಸ್ತಿದ್ದೀರಿ ಮಾವ? ನಾನು ಮಾಡ್ತಿದ್ದೆನಲ್ಲ."

"ಇದು ನಾನೇ ಮಾಡ್ಬೇಕಾದದ್ದು."

ಆವಿ ಇಳಿದ ಮೇಲೆ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಅವರ ಟ್ಯೂಬು. ಚೀಟಿ ಕಿತ್ತುಬಂದು ನೀರಿನಲ್ಲಿ ತೇಲುತ್ತಿತ್ತು. ಲ್ಯಾಬಿನಲ್ಲೂ ನಾವು ಬೂಷ್ಟನ್ನು ಹೀಗೇ ಕೊಲ್ಲುವುದು, ಅಲ್ಲಿನ ಕುಕ್ಕರ್ ದೊಡ್ಡದು ಅಷ್ಟೇ. ನಾನು ಒಯ್ದ ಚೂರಿನಿಂದ ಬೆಳೆಸಿದ್ದನ್ನೂ ಪರೀಕ್ಷೆ ಮುಗಿದಾಗ ಅದಕ್ಕೇ ಹಾಕಿದ್ದೆ.

"ನಿಮ್ಮ ಸಾಹೇಬರು ನಿನ್ನೆ ಫೋನ್ ಮಾಡಿ ಇದನ್ನೇ ಕೇಳಿದ್ರು. ನಾಳೆ ಇನ್ನೊಬ್ಬರು ಕೇಳ್ತಾರೆ. ಇಟ್ಕೊಂಡು ಇಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ. ಈಗ ಇಲ್ಲ, ಮುಗೀತು." ಒಲೆ ಒರೆಸತೊಡಗಿದರು. "ನೀನು ಅಲ್ಲಿ ಏನು ಹೇಳ್ಬೇಕೋ ಅದು ನಿಂಗೆ ಬಿಟ್ಟಿದ್ದು. ಮಗಳು ನಿನ್ನೋಳು. ನಾನು ಮೂಗು ತೂರಿಸಲ್ಲ."

ಸಭೆಯಲ್ಲಿ ಎರಡೂ ವರದಿ ಮೇಜಿನ ಮೇಲಿಟ್ಟೆ. ಮಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಗಟ್ಟಿಗಿತ್ತಿಯನ್ನೂ ಇನ್ನು ಸೊರಗು ತಡೆಯುವ ತಳಿ ಎಂದು ಮಾರಬಾರದು, ಬಿತ್ತನೆಗೆ ಮುಂಚೆ ಬೆಳೆಗಾರರಿಗೆ ತಿಳಿಸಬೇಕು ಎಂದೆ. ನಿರ್ದೇಶಕರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದರು. ಒಬ್ಬರು, "ಇದಕ್ಕೆ ನಿಮ್ಮ ಮಾವನವರು ಏನಂತಾರೆ?" ಎಂದು ಕೇಳಿದರು. "ಅವರೇ ಮೂರನೇ ಸಲ ಪರೀಕ್ಷೆ ಮಾಡಿದ್ದು" ಎಂದೆ. ಬಿಡುಗಡೆ ರದ್ದು.

ಬರುತ್ತ ಕಾರು ನಿಲ್ಲಿಸಿ ಒಂದಿಷ್ಟು ಅತ್ತೆ. ಇಷ್ಟು ವರ್ಷದ ಕೆಲಸ.

ಮನೆಯಲ್ಲಿ ಮಾವ ಸಭೆಯ ಬಗ್ಗೆ ಏನೂ ಕೇಳಲಿಲ್ಲ. "ಮೂಲೇಲಿ ಒಂದು ಟ್ರೇ ಇತ್ತಲ್ಲ, ಕಾಡುಹತ್ತಿ ಬೆರಕೆ. ಅದರಲ್ಲಿ ಎಷ್ಟು ನಿಂತಿವೆ?" ಎಂದರು. ನಾನು ಆ ಟ್ರೇಯನ್ನು ಮರೆತೇಬಿಟ್ಟಿದ್ದೆ.

ಜೂನ್ 12

ಎರಡು ನಿಂತಿವೆ. ಗಿಡ್ಡ, ಸೊಟ್ಟ, ಎಲೆ ತುಂಬ ತೂತು. ಒಳಗೆ ಗೆರೆ ಇದೆಯೋ ಇಲ್ಲವೋ ನೋಡಲು ಚಾಕು ತೆಗೆದೆ. ಮಾವ ಕೈ ಅಡ್ಡ ಹಿಡಿದರು. "ಕಾಯಿ ಬಿಡೋವರೆಗೆ ಬಿಡು. ನೋಡೋ ಆತುರಕ್ಕೆ ಕೊಂದುಬಿಡ್ತೀಯ." ಬಿಟ್ಟೆ. ಈ ಗಿಡಗಳಿಂದ ನೂಲು ತೆಗೆಯುವಂಥ ಹತ್ತಿ ಆಗಬೇಕಾದರೆ ಮತ್ತೆ ಮೊದಲಿನಿಂದ ಅಷ್ಟೂ ವರ್ಷ ಬೇಕು. ಮಾವನಿಗೆ ಅಷ್ಟು ವರ್ಷ ಇಲ್ಲ, ಅದು ಅವರಿಗೂ ಗೊತ್ತು. ಆದರೂ ದಾರಿಯುದ್ದಕ್ಕೂ ಯಾವುದಕ್ಕೆ ಯಾವುದನ್ನು ಕೂಡಿಸಬೇಕು ಎಂದು ಮಾತಾಡಿಕೊಂಡೇ ಬಂದೆವು. ಎರಡು ಕಡೆ ಜಗಳವೂ ಆಯಿತು.

ಹೊಸ ಬೂಷ್ಟಿನ ಒಂದು ಟ್ಯೂಬನ್ನು ಮನೆಗೆ ತಂದಿದ್ದೆ. ಲ್ಯಾಬಿನ ಫ್ರಿಜ್ಜನ್ನು ನಂಬಲಾಗುವುದಿಲ್ಲ. ಮಾವ ತಮ್ಮ ಕೋಣೆಗೆ ಒಯ್ದರು.

ಸಂಜೆ ಚಹಾಕ್ಕೆಂದು ಹಾಲು ತೆಗೆಯಲು ಹೋದರೆ, ಬೆಣ್ಣೆ ಡಬ್ಬಿಯ ಹಿಂದೆ, ಹಳೆಯ ಟ್ಯೂಬಿನ ಜಾಗದಲ್ಲಿ ಅದು ನಿಂತಿದೆ. ಹೊಸ ಚೀಟಿ, ಅದೇ ದುಂಡು ಅಕ್ಷರ:

'ಸೊರಗು ರೋಗದ ಬೂಷ್ಟು. ಹಿಡಿದವಳು ನನ್ನ ಸೊಸೆ. ಮುಂದಿನ ವರ್ಷ ಇದನ್ನೂ ಕುಕ್ಕರಿಗೆ ಹಾಕಿ ಹೊಸದು ಹಿಡಿಯುವುದು.'

ಫ್ರಿಜ್ಜಿನ ಬಾಗಿಲು ಹಿಡಿದುಕೊಂಡು ಎರಡು ಸಲ ಓದಿದೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ. ಆಮೇಲೆ ಇಬ್ಬರಿಗೂ ಚಹಾ ಮಾಡಿದೆ, ಇತ್ತೀಚೆಗೆ ನಾನೂ ಸಕ್ಕರೆ ಹಾಕಿಕೊಳ್ಳುವುದಿಲ್ಲ. ಆ ಎರಡು ಗಿಡಗಳಲ್ಲಿ ಯಾವುದಕ್ಕೆ ಮೊದಲು ಕಾಯಿ ಬಂದೀತು ಎಂದು ಯೋಚಿಸುತ್ತ ನಿಂತಿದ್ದಾಗ ಒಳಗಿನಿಂದ ಮಾವ ಕೂಗಿದರು.

"ಎಷ್ಟು ಹೊತ್ತು ಕಲಕ್ತೀಯಮ್ಮಾ! ಲೋಟ ಒಡೆದೀತು!"